ಮಿಯಾಮಿ ಎಂಬ ರಾಜ್ಯ

1979ರ ಜನವರಿಯಲ್ಲಿ ಹೊವರ್ಡ್ ಶ್ನೆಲೆನ್‌ಬರ್ಗರ್ ಮಿಯಾಮಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಕೋಚ್ ಆಗಿ ಬಂದರು. ಆ ಕೆಲಸಕ್ಕೆ ಆಗ ಯಾರೂ ಸಾಲುಗಟ್ಟಿ ನಿಂತಿರಲಿಲ್ಲ. 1970ರಿಂದ ಅಲ್ಲಿಯವರೆಗೆ ಆರು ಮಂದಿ ಆ ಕುರ್ಚಿಯಲ್ಲಿ ಕೂತು ಎದ್ದು ಹೋಗಿದ್ದರು. ಆ ಒಂಬತ್ತು ವರ್ಷಗಳಲ್ಲಿ ಸೋಲಿಗಿಂತ ಗೆಲುವು ಹೆಚ್ಚಾಗಿದ್ದದ್ದು ಎರಡೇ ವರ್ಷ, ಅದೂ ಆರು ಗೆಲುವು, ಐದು ಸೋಲು. ನಗರದ ಆರೆಂಜ್ ಬೌಲ್ ಕ್ರೀಡಾಂಗಣದಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಹುದಿತ್ತು. ವೃತ್ತಿಪರ ತಂಡ ಡಾಲ್ಫಿನ್ಸ್ ಆಡುವ ಭಾನುವಾರ ಅದು ತುಂಬುತ್ತಿತ್ತು, ಕಾಲೇಜು ಹುಡುಗರು ಆಡುವ ದಿನ ಖಾಲಿ ಹೊಡೆಯುತ್ತಿತ್ತು. ಇಷ್ಟು ದುಡ್ಡು ತಿನ್ನುವ ತಂಡ ನಮಗೆ ಬೇಕೇ, ಮುಚ್ಚಿಬಿಟ್ಟರೇನು ಎಂಬ ಮಾತು ಆಡಳಿತ ಮಂಡಳಿಯಲ್ಲೇ ನಡೆದಿತ್ತು.

ಐದು ವರ್ಷದಲ್ಲಿ ಈ ತಂಡವನ್ನು ರಾಷ್ಟ್ರೀಯ ಚಾಂಪಿಯನ್ ಮಾಡುತ್ತೇನೆ ಎಂದು ಶ್ನೆಲೆನ್‌ಬರ್ಗರ್ ಬಂದ ಹೊಸದರಲ್ಲೇ ಹೇಳಿದರು. ದಪ್ಪ ಮೀಸೆ, ಬಾಯಲ್ಲಿ ಪೈಪು, ಗಂಭೀರವಾದ ಒಡಕು ದನಿ. ಕೇಳಿದವರು ನಕ್ಕರು. ಐದನೆಯ ಸೀಸನ್‌ನ ಕೊನೆಗೆ, 1984ರ ಜನವರಿ 2ರ ರಾತ್ರಿ, ಆ ಮಾತು ನಿಜವಾಯಿತು. ನಡುವಿನ ಐದು ವರ್ಷಗಳಲ್ಲಿ ಅವರು ಕಂಡುಕೊಂಡದ್ದೇನು ಎಂಬುದೇ ಈ ಕತೆ. ಅದು ಹೊಸ ವ್ಯೂಹವಲ್ಲ, ಮೈದಾನದ ಮೇಲಿನ ತಂತ್ರವೂ ಅಲ್ಲ. ಆಟಗಾರರನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆಗೆ ಸಿಕ್ಕ ಉತ್ತರ.

ಕಾಲೇಜು ಫುಟ್‌ಬಾಲ್‌ನ ಲೆಕ್ಕಾಚಾರ ನಮ್ಮವರಿಗೆ ಅಷ್ಟಾಗಿ ಪರಿಚಯವಿಲ್ಲ, ಹಾಗಾಗಿ ನಾಲ್ಕು ಮಾತು ಹೇಳಬೇಕು. ಇದು ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಅಮೆರಿಕನ್ ಫುಟ್‌ಬಾಲ್. ಮೈದಾನದಲ್ಲಿ ಒಂದು ಹೊತ್ತಿಗೆ ಹನ್ನೊಂದು ಜನ. ಆದರೆ ದಾಳಿಗೆ ಒಂದು ಗುಂಪು, ತಡೆಗೆ ಇನ್ನೊಂದು, ಒದೆಯುವುದಕ್ಕೆ ಮತ್ತೊಂದು, ಗಾಯಗೊಂಡವರ ಜಾಗಕ್ಕೆ ಬದಲಿಗಳು ಎಂದು ಐವತ್ತು ಅರುವತ್ತು ಮಂದಿ ಸದಾ ಸಿದ್ಧರಿರಬೇಕು. ಒಬ್ಬ ಹುಡುಗ ನಾಲ್ಕು ಸೀಸನ್ ಮಾತ್ರ ಆಡಬಹುದು, ಆಮೇಲೆ ಮನೆಗೆ. ಎಂದರೆ ಪ್ರತಿ ವರ್ಷ ಕಾಲು ಭಾಗ ತಂಡ ಕರಗುತ್ತದೆ, ಅಷ್ಟನ್ನು ಮತ್ತೆ ತುಂಬಬೇಕು. ಹರಾಜಿಲ್ಲ, ವೃತ್ತಿಪರ ಲೀಗಿನ ಹಾಗೆ ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್ ಇಲ್ಲ. ಹದಿನೇಳು ವರ್ಷದ ಹುಡುಗನ ಮನೆಗೆ ಹೋಗಿ, ಅವನ ತಾಯಿಯ ಎದುರು ಕೂತು, ನಮ್ಮ ಕಾಲೇಜಿಗೆ ಕಳಿಸಿ ಎಂದು ಕೇಳಬೇಕು. ಇದಕ್ಕೆ ರಿಕ್ರೂಟಿಂಗ್ ಎನ್ನುತ್ತಾರೆ. ಹುಡುಗ ಕಾಗದಕ್ಕೆ ಸಹಿ ಹಾಕುವ ತನಕ ಯಾವುದೂ ಖಾತ್ರಿಯಲ್ಲ.

ಸೋಲುತ್ತಿರುವ ತಂಡಕ್ಕೆ ಇಲ್ಲೇ ಬಿಕ್ಕಟ್ಟು. ಒಳ್ಳೆಯ ಹುಡುಗರು ಬರದೆ ಗೆಲುವಿಲ್ಲ, ಗೆಲ್ಲದೆ ಒಳ್ಳೆಯ ಹುಡುಗರು ಬರುವುದಿಲ್ಲ. ತಂಡ ಕಟ್ಟುವುದು ಎಂದರೆ ಈ ಗಂಟನ್ನು ಎಲ್ಲಾದರೂ ಒಂದು ಕಡೆ ಬಿಡಿಸುವುದು. ಶಿಸ್ತು, ಕಸರತ್ತು, ಹೊಸ ಸಮವಸ್ತ್ರ, ಭಾಷಣ ಎಲ್ಲ ಆಮೇಲಿನ ಮಾತು. ಎದುರಿನವನಿಗಿಂತ ಅರ್ಧ ಹೆಜ್ಜೆ ನಿಧಾನವಾಗಿರುವ ಹುಡುಗನಿಗೆ ಯಾವ ಕೋಚೂ ಆ ಅರ್ಧ ಹೆಜ್ಜೆಯನ್ನು ಕಲಿಸಲಾರ.

ಶ್ನೆಲೆನ್‌ಬರ್ಗರ್ ಈ ಪಾಠವನ್ನು ಕಲಿತದ್ದು ಮಿಯಾಮಿಗೆ ಬರುವ ಎಷ್ಟೋ ಮೊದಲು. 1961ರಲ್ಲಿ ಅವರು ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಬೇರ್ ಬ್ರಯಂಟ್ ಕೈಕೆಳಗೆ ಸಹಾಯಕ ಕೋಚ್. ಪೆನ್ಸಿಲ್ವೇನಿಯಾದ ಬೀವರ್ ಫಾಲ್ಸ್ ಎಂಬ ಕಾರ್ಖಾನೆ ಊರಿನಲ್ಲಿ ಜೋ ನೇಮತ್ ಎಂಬ ಹುಡುಗನಿದ್ದ. ಅವನು ಮೇರಿಲ್ಯಾಂಡಿಗೆ ಹೋಗುವುದೆಂದು ಎಲ್ಲ ಗೊತ್ತಾಗಿತ್ತು, ಆದರೆ ಪ್ರವೇಶ ಪರೀಕ್ಷೆಯ ಅಂಕ ಸಾಲಲಿಲ್ಲ. ಸುದ್ದಿ ಕಿವಿಗೆ ಬಿದ್ದ ಕೂಡಲೆ ಬ್ರಯಂಟ್ ತಮ್ಮ ಸಹಾಯಕನನ್ನು ಅಲ್ಲಿಗೆ ಓಡಿಸಿದರು. ನೇಮತ್‌ನ ಅಣ್ಣ ಫ್ರಾಂಕ್, ಕೆಂಟಕಿ ವಿಶ್ವವಿದ್ಯಾಲಯದ ದಿನಗಳಿಂದ ಶ್ನೆಲೆನ್‌ಬರ್ಗರ್‌ಗೆ ಪರಿಚಿತ. ಆ ಎಳೆ ಹಿಡಿದು ಮನೆ ಹೊಕ್ಕವರು ದಿನಗಟ್ಟಲೆ ಆ ಊರಲ್ಲೇ ಉಳಿದರು. ಜೇಬಿನ ದುಡ್ಡು ಮುಗಿಯಿತು. ಅವರು ಒಲಿಸಬೇಕಾಗಿದ್ದದ್ದು ಹುಡುಗನಿಗಿಂತ ಹೆಚ್ಚಾಗಿ ಅವನ ತಾಯಿ ರೋಸ್ ಅವರನ್ನು. ಕೊನೆಗೆ ಮಗನ ಬಟ್ಟೆಗಳನ್ನು ಚೀಲಕ್ಕೆ ತುಂಬಿ, ಇವರ ಜೊತೆ ಹೊರಡು ಎಂದು ಕಳಿಸಿದವರು ಆಕೆಯೇ. ನೇಮತ್ ಇದ್ದ ಅಲಬಾಮಾ 1964ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಹುಡುಗನನ್ನು ಗೆಲ್ಲುವುದು ಅಡುಗೆಮನೆಯ ಮೇಜಿನ ಬಳಿ ಎಂಬುದು ಆವತ್ತೇ ಶ್ನೆಲೆನ್‌ಬರ್ಗರ್‌ಗೆ ಮನದಟ್ಟಾಗಿರಬೇಕು.

ಅದು ಪಾಠದ ಅರ್ಧ. ಉಳಿದರ್ಧ ಮಿಯಾಮಿಯಲ್ಲೇ ಇತ್ತು. 1970ರಿಂದ ಅವರು ಡಾನ್ ಶೂಲಾ ಅವರ ಡಾಲ್ಫಿನ್ಸ್ ತಂಡದಲ್ಲಿ ದಾಳಿಯ ಹೊಣೆ ಹೊತ್ತಿದ್ದರು. 1972ರಲ್ಲಿ ಹದಿನೇಳಕ್ಕೆ ಹದಿನೇಳೂ ಪಂದ್ಯ ಗೆದ್ದ ತಂಡ ಅದು, ಆ ದಾಖಲೆ ಇಂದಿಗೂ ಉಳಿದಿದೆ. ಮಧ್ಯೆ ಬಾಲ್ಟಿಮೋರ್ ಕೋಲ್ಟ್ಸ್‌ನ ಮುಖ್ಯ ಕೋಚ್ ಆಗಿ ಹೋಗಿ, 1974ರ ಸೀಸನ್‌ನ ಮೂರೇ ಪಂದ್ಯಕ್ಕೆ ಕೆಲಸ ಕಳೆದುಕೊಂಡು, ಮತ್ತೆ ಶೂಲಾ ಬಳಿಗೇ ಬಂದರು. ಹೀಗೆ ವಿಶ್ವವಿದ್ಯಾಲಯದ ಕೆಲಸ ಸಿಗುವ ಹೊತ್ತಿಗೆ ಮಿಯಾಮಿ ಅವರಿಗೆ ವರ್ಷಗಟ್ಟಲೆ ಬದುಕಿದ ಊರು. ಶುಕ್ರವಾರ ಸಂಜೆ ಹೈಸ್ಕೂಲು ಮೈದಾನಗಳ ದೀಪ ಹತ್ತಿದಾಗ ಅಲ್ಲಿ ಏನು ನಡೆಯುತ್ತದೆ ಎಂಬುದು ಊರಲ್ಲಿ ಬಾಳಿದವರಿಗೆ ತಿಳಿಯದ ಗುಟ್ಟಲ್ಲ.

ಆ ನೆಲವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದಕ್ಷಿಣ ಫ್ಲಾರಿಡಾದಲ್ಲಿ ಚಳಿಗಾಲವೆಂಬುದೇ ಇಲ್ಲ, ಹುಡುಗರು ವರ್ಷವಿಡೀ ಹೊರಗೆ ಓಡುತ್ತಾರೆ. ನಗರದ ಒಳಗೂ ಅಂಚಿನಲ್ಲೂ ಲಿಬರ್ಟಿ ಸಿಟಿ, ಓವರ್‌ಟೌನ್, ಕರೋಲ್ ಸಿಟಿಯಂಥ ಕರಿಯರ ಕೇರಿಗಳು. ಓವರ್‌ಟೌನನ್ನು 1960ರ ದಶಕದಲ್ಲಿ ಹೆದ್ದಾರಿಯೊಂದು ಸೀಳಿಕೊಂಡು ಹೋಗಿತ್ತು, ಮನೆ ಕಳೆದುಕೊಂಡ ಎಷ್ಟೋ ಸಂಸಾರಗಳು ಲಿಬರ್ಟಿ ಸಿಟಿ ಸೇರಿದ್ದವು. ನಗರ ಬಿಟ್ಟು ವಾಯವ್ಯಕ್ಕೆ ಎರಡು ಗಂಟೆಯೊಳಗಿನ ದಾರಿಯಲ್ಲಿ ಒಕೀಚೋಬಿ ಕೆರೆಯ ದಂಡೆ, ಬೆಲ್ ಗ್ಲೇಡ್ ಮತ್ತು ಪಹೋಕಿ ಎಂಬ ಪುಟ್ಟ ಊರುಗಳು. ಕಾಡಿಗೆಯಂಥ ಕಪ್ಪು ಮಣ್ಣು, ಕಣ್ಣು ಹಾಯುವಷ್ಟು ಕಬ್ಬು. ಕಟಾವಿಗೆ ಮುಂಚೆ ಗದ್ದೆಗೆ ಬೆಂಕಿ ಕೊಟ್ಟು ರವದಿ ಸುಡುತ್ತಾರೆ. ಹೊಗೆಗೆ ಬೆದರಿ ಮೊಲಗಳು ಹೊರಗೆ ಚಿಮ್ಮುತ್ತವೆ. ಗದ್ದೆಯಂಚಿನಲ್ಲಿ ಕಾಯುವ ಹುಡುಗರು ಬರಿಗೈಯಲ್ಲಿ ಅವನ್ನು ಅಟ್ಟಿ ಹಿಡಿಯುತ್ತಾರೆ. ಮೊಲ ನೇರ ಓಡುವ ಪ್ರಾಣಿಯಲ್ಲ, ಮೂರು ನೆಗೆತಕ್ಕೊಮ್ಮೆ ದಿಕ್ಕು ಬದಲಿಸುತ್ತದೆ. ಅದರ ಹಿಂದೆ ಓಡಿ ಬೆಳೆದವನನ್ನು ಮೈದಾನದಲ್ಲಿ ಹಿಡಿದು ಕೆಡವುವುದು ಎಷ್ಟು ಕಷ್ಟವೆಂದು ಊಹಿಸಬಹುದು. ಪಹೋಕಿಯಲ್ಲಿ ಬೆಳೆದ ರಿಕಿ ಜಾಕ್ಸನ್ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ತನಕ ಹೋದರು. ಆದರೆ ಅವರು ಕಾಲೇಜಿನಲ್ಲಿ ಆಡಿದ್ದು ಮಿಯಾಮಿಗಲ್ಲ, ದೂರದ ಪಿಟ್ಸ್‌ಬರ್ಗ್‌ಗೆ.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ ಎನ್ನುತ್ತೇವಲ್ಲ, ಮಿಯಾಮಿ ವಿಶ್ವವಿದ್ಯಾಲಯದ ಸ್ಥಿತಿ ಅದೇ. ಮರದ ನೆರಳು, ಬಿಳಿಯರ ಬಂಗಲೆಗಳ ಕೋರಲ್ ಗೇಬಲ್ಸ್‌ನಲ್ಲಿ 1925ರಲ್ಲಿ ಹುಟ್ಟಿದ ದುಬಾರಿ ಖಾಸಗಿ ಸಂಸ್ಥೆ ಅದು. ಲಿಬರ್ಟಿ ಸಿಟಿಯಿಂದ ಅಲ್ಲಿಗೆ ಕಾರಿನಲ್ಲಿ ಅರ್ಧ ಗಂಟೆಯ ಹಾದಿ ಇರಬಹುದು, ಮನಸ್ಸಿನ ದೂರ ಹೇಳತೀರದು. ಹಾಗೆಂದು ಹಿಂದಿನವರೆಲ್ಲ ಕುರುಡರಾಗಿದ್ದರು ಎನ್ನುವುದು ಅನ್ಯಾಯ. ಕೀ ವೆಸ್ಟ್‌ನ ಜಾರ್ಜ್ ಮಿರಾ, ಹಯಾಲಿಯಾದ ಟೆಡ್ ಹೆಂಡ್ರಿಕ್ಸ್, ವೆಸ್ಟ್ ಪಾಮ್ ಬೀಚ್‌ನ ಓಟಿಸ್ ಆಂಡರ್ಸನ್ ಇಲ್ಲೇ ಆಡಿದವರು. ರೇ ಬೆಲ್ಲಮಿ ಎಂಬ ಕರಿಯ ಆಟಗಾರನಿಗೆ 1960ರ ದಶಕದಲ್ಲೇ ಸ್ಕಾಲರ್‌ಶಿಪ್ ಕೊಟ್ಟು, ದಕ್ಷಿಣದ ದೊಡ್ಡ ಕಾಲೇಜುಗಳು ಹಿಂಜರಿಯುತ್ತಿದ್ದಾಗ ಮಿಯಾಮಿ ಮುಂದಡಿ ಇಟ್ಟಿತ್ತು. ಆದರೆ ಅವರೆಲ್ಲ ಒಬ್ಬೊಬ್ಬರಾಗಿ ಬಂದವರು. ಇದೇ ನಮ್ಮ ನೆಲ, ಇಲ್ಲಿ ಬೆಳೆದವರು ಮೊದಲು ನಮ್ಮವರು ಎಂದು ಯಾರೂ ಒಂದು ನೀತಿಯಾಗಿ ಹಿಡಿದಿರಲಿಲ್ಲ.

ಶ್ನೆಲೆನ್‌ಬರ್ಗರ್ ಫ್ಲಾರಿಡಾದ ನಕ್ಷೆ ಬಿಡಿಸಿ, ರಾಜ್ಯದ ನಡು ಭಾಗದಲ್ಲಿ ಅಡ್ಡಗೆರೆ ಎಳೆದರು. ಗೆರೆಯ ಕೆಳಗಿರುವುದೆಲ್ಲ ‘ಮಿಯಾಮಿ ರಾಜ್ಯ’ ಎಂದರು. ಅಮೆರಿಕದ ಭೂಪಟದಲ್ಲಿಲ್ಲದ ರಾಜ್ಯ ಅದು. ಗೆರೆಯ ಒಳಗಿನ ಹುಡುಗ ಹೊರಗೆ ಹೋಗಬಾರದು, ಹೋದರೆ ನಮ್ಮ ತಪ್ಪು. ಗೆರೆಯ ಹೊರಗಿನವನನ್ನು ತರಬೇಕಾದರೆ, ಅವನಷ್ಟು ಗಟ್ಟಿಗ ಒಳಗೆ ಇಲ್ಲ ಎಂಬುದು ಮೊದಲು ಖಚಿತವಾಗಬೇಕು.

ಇದು ಊರಭಿಮಾನದ ಮಾತಿನಂತೆ ಕೇಳುತ್ತದೆ, ಆದರೆ ಒಳಗೆ ಗಟ್ಟಿ ಲೆಕ್ಕವಿದೆ. ಬಡ ತಂಡಕ್ಕೆ ವಿಮಾನದ ಖರ್ಚು ದೊಡ್ಡದು. ಒಹಾಯೊದ ಒಬ್ಬ ಹುಡುಗನನ್ನು ಎರಡು ಸಲ ನೋಡುವ ದುಡ್ಡಿನಲ್ಲಿ ಪಕ್ಕದ ಕೇರಿಯ ಹುಡುಗನನ್ನು ಸೀಸನ್ ಪೂರ್ತಿ ನೋಡಬಹುದು. ಆ ಕಾಲದಲ್ಲಿ ದೂರದ ಹುಡುಗನೆಂದರೆ ಡಬ್ಬಿಯಲ್ಲಿ ಬರುವ ಹದಿನಾರು ಎಂಎಂ ಫಿಲ್ಮ್. ಕತ್ತಲ ಕೋಣೆಯಲ್ಲಿ ಪ್ರೊಜೆಕ್ಟರ್ ಹಿಂದೆ ಮುಂದೆ ಓಡಿಸುತ್ತ, ಬಣ್ಣವಿಲ್ಲದ ಮಸುಕು ಆಕೃತಿಗಳಲ್ಲಿ ಇವನೆಷ್ಟು ವೇಗ ಎಂದು ಅಂದಾಜು ಮಾಡಬೇಕು. ಅವನ ಹೈಸ್ಕೂಲು ಕಳಿಸುವುದು ಅವನ ಅತ್ಯುತ್ತಮ ಪಂದ್ಯದ ರೀಲನ್ನೇ. ಹತ್ತಿರದ ಹುಡುಗನ ವಿಷಯ ಹಾಗಲ್ಲ. ಮಳೆಯಲ್ಲಿ ಅಭ್ಯಾಸ ಮಾಡುವಾಗ ನೋಡಬಹುದು, ಸೋತ ರಾತ್ರಿ ಗೆಳೆಯರ ಜೊತೆ ಹೇಗೆ ನಡೆದುಕೊಳ್ಳುತ್ತಾನೆ ಎಂದು ನೋಡಬಹುದು, ಅವನ ಕೋಚ್‌ನನ್ನೂ ಮೇಷ್ಟ್ರನ್ನೂ ಚರ್ಚಿನ ಪಾಸ್ಟರ್‌ನನ್ನೂ ಕೇಳಿ ತಿಳಿಯಬಹುದು. ಬಂದ ಮೇಲೂ ಅವನ ತಾಯಿ ಪ್ರತಿ ಪಂದ್ಯಕ್ಕೆ ಬಂದು ಕೂರಬಹುದು. ಇವತ್ತು ಜೊತೆಯಲ್ಲಿ ಆಡುವವನು ಹೋದ ವರ್ಷ ಎದುರಾಳಿ ಶಾಲೆಯಲ್ಲಿದ್ದವನು, ಪರಿಚಯ ಮೊದಲೇ ಆಗಿರುತ್ತದೆ, ಪೈಪೋಟಿಯೂ.

ಕಾಲವೂ ಕೂಡಿಬಂತು. 1973ಕ್ಕೆ ಮುಂಚೆ ಒಂದು ಕಾಲೇಜು ಎಷ್ಟು ಫುಟ್‌ಬಾಲ್ ಸ್ಕಾಲರ್‌ಶಿಪ್ ಕೊಡಬಹುದು ಎಂಬುದಕ್ಕೆ ರಾಷ್ಟ್ರಮಟ್ಟದ ಮಿತಿಯೇ ಇರಲಿಲ್ಲ. ಹಣವಂತ ಕಾಲೇಜುಗಳು, ತಮಗೆ ಬೇಕಿಲ್ಲದಿದ್ದರೂ ಎದುರಾಳಿಗೆ ಸಿಗಬಾರದೆಂದು, ಹುಡುಗರನ್ನು ಸಹಿ ಹಾಕಿಸಿಕೊಂಡು ಬೆಂಚಿನ ಮೇಲೆ ಕೂರಿಸುತ್ತಿದ್ದವು. ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಆ ವರ್ಷ 105ರ ಮಿತಿ ಹಾಕಿತು, 1978ರಲ್ಲಿ ಅದನ್ನು 95ಕ್ಕೆ ಇಳಿಸಿತು. ದೊಡ್ಡವರ ಕೋಠಿಯಲ್ಲಿ ಜಾಗ ಕಡಿಮೆಯಾಯಿತು, ಪ್ರತಿ ವರ್ಷ ಒಂದಿಷ್ಟು ಒಳ್ಳೆಯ ಹುಡುಗರು ಹೊರಗುಳಿದರು. ಮಿತಿ ಬಿಗಿಯಾದ ಮರುವರ್ಷವೇ ಶ್ನೆಲೆನ್‌ಬರ್ಗರ್ ಮಿಯಾಮಿಗೆ ಬಂದದ್ದು. ಅವರ ಹೆಸರು ಹೇಳುವವರು ಈ ನಿಯಮವನ್ನು ಮರೆಯುತ್ತಾರೆ. ನನ್ನ ಮಟ್ಟಿಗೆ ಅದಿಲ್ಲದೆ ಈ ಕತೆ ಪೂರ್ತಿಯಾಗುವುದಿಲ್ಲ.

ಇಷ್ಟಾದರೂ ಮುಖ್ಯವಾಗಿ ಒಂದು ಜಾಗಕ್ಕಾಗಿ ಅವರು ಗೆರೆ ದಾಟಿದರು. ಕ್ವಾರ್ಟರ್‌ಬ್ಯಾಕ್, ಎಂದರೆ ದಾಳಿಯನ್ನು ನಡೆಸುವವನು. 1970ರ ದಶಕದಲ್ಲಿ ಹೆಚ್ಚಿನ ದೊಡ್ಡ ಕಾಲೇಜುಗಳು ಓಟದ ಆಟ ಆಡುತ್ತಿದ್ದವು. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ತಾನೇ ನುಗ್ಗುವುದು, ಇಲ್ಲವೇ ಪಕ್ಕದವನಿಗೆ ತಳ್ಳುವುದು. ದೂರಕ್ಕೆ ಎಸೆಯುವ ತೋಳಿದ್ದ ಹುಡುಗನಿಗೆ ಅಲ್ಲಿ ಕೆಲಸ ಕಡಿಮೆ. ಶ್ನೆಲೆನ್‌ಬರ್ಗರ್ ಡಾಲ್ಫಿನ್ಸ್‌ನಿಂದ ವೃತ್ತಿಪರ ಆಟದ ಪುಸ್ತಕವನ್ನೇ ಎತ್ತಿಕೊಂಡು ಬಂದಿದ್ದರು, ಮಿಯಾಮಿಯಲ್ಲಿ ಅವರು ಎಸೆತಕ್ಕೇ ಮೊದಲ ಮಣೆ ಹಾಕಿದರು. 1972ರ ಸೋಲಿಲ್ಲದ ಸೀಸನ್‌ನಲ್ಲಿ ಬಹುಪಾಲು ಪಂದ್ಯ ಆಡಿಸಿದ ಅರ್ಲ್ ಮೊರಾಲ್ ಅವರನ್ನೇ ಕರೆತಂದು ಕ್ವಾರ್ಟರ್‌ಬ್ಯಾಕ್‌ಗಳ ಕೋಚ್ ಮಾಡಿದರು. ಎಸೆಯುವ ಹುಡುಗನ ಮನೆಯಲ್ಲಿ ಕೂತು ಅವರು ಹೇಳಬಹುದಾದ ಮಾತನ್ನು ಹೆಚ್ಚಿನ ಕೋಚ್‌ಗಳು ಹೇಳುವಂತಿರಲಿಲ್ಲ: ನಿನ್ನ ಮುಂದಿನ ಬದುಕಿಗೆ ಬೇಕಾದ ಆಟ ನಮ್ಮಲ್ಲಿದೆ, ಕಲಿಸುವವರೂ ಇದ್ದಾರೆ.

ಆಟದ ಶೈಲಿ ಬೇರೆ, ರಿಕ್ರೂಟಿಂಗ್ ಬೇರೆ ಎಂದು ಅಲ್ಲಿಯ ತನಕ ಅನೇಕರು ತಿಳಿದಿದ್ದರು. ಇಲ್ಲಿ ಎರಡೂ ಒಂದಾದವು. ಎಸೆಯುವ ಆಟವಿದ್ದುದರಿಂದ ಎಸೆಯುವವರು ಬಂದರು. ಎಸೆದದ್ದನ್ನು ಓಡಿ ಹಿಡಿಯಲು ಬೇಕಾದ ವೇಗದ ಕಾಲುಗಳು ಊರಿನಲ್ಲೇ ಬೇಕಾದಷ್ಟಿದ್ದವು. ಆವಿಷ್ಕಾರ ಎಂಬ ಪದಕ್ಕೆ ನಿಜಕ್ಕೂ ತಕ್ಕದ್ದು ಈ ಜೋಡಣೆ ಎಂದು ನನಗೆ ಅನ್ನಿಸುತ್ತದೆ.

ಮೊದಲ ಕ್ವಾರ್ಟರ್‌ಬ್ಯಾಕ್ ಅವರಿಗೆ ಬಳುವಳಿಯಾಗಿ ಸಿಕ್ಕವನು. ಪಶ್ಚಿಮ ಪೆನ್ಸಿಲ್ವೇನಿಯಾದ ಈಸ್ಟ್ ಬ್ರೇಡಿ ಎಂಬ ಸಣ್ಣ ಊರಿನ ಜಿಮ್ ಕೆಲ್ಲಿ. ತನ್ನದೇ ರಾಜ್ಯದ ಪೆನ್ ಸ್ಟೇಟ್‌ನಲ್ಲಿ ಆಡಬೇಕೆಂಬುದು ಅವನ ಆಸೆ. ಆದರೆ ಅಲ್ಲಿನ ಹೆಸರಾಂತ ಕೋಚ್ ಜೋ ಪಟೆರ್ನೊ ಅವನನ್ನು ಕೇಳಿದ್ದು ಕ್ವಾರ್ಟರ್‌ಬ್ಯಾಕ್ ಆಗಿ ಅಲ್ಲ, ತಡೆಯ ಸಾಲಿನ ಲೈನ್‌ಬ್ಯಾಕರ್ ಆಗಿ. ಕೆಲ್ಲಿ ಒಲ್ಲೆನೆಂದು, ಹಿಂದಿನ ಕೋಚ್ ಇದ್ದಾಗಲೇ ಮಿಯಾಮಿ ಸೇರಿದ್ದ. 1979ರ ನವೆಂಬರ್ 3ರಂದು ಮಿಯಾಮಿ ಆಡಬೇಕಿದ್ದದ್ದು ಪೆನ್ ಸ್ಟೇಟ್ ವಿರುದ್ಧ, ಅವರದೇ ಮೈದಾನದಲ್ಲಿ. ಪಂದ್ಯದ ದಿನವೇ ಶ್ನೆಲೆನ್‌ಬರ್ಗರ್ ಕೆಲ್ಲಿಯನ್ನು ಕರೆದು, ಇವತ್ತು ಶುರುಮಾಡುವವನು ನೀನು ಎಂದರು. ಹುಡುಗ ಕಾಲೇಜಿಗಾಗಿ ಅದುವರೆಗೆ ಒಂದೂ ಪಂದ್ಯ ಶುರುಮಾಡಿದವನಲ್ಲ. ಹೊಟ್ಟೆ ತೊಳಸಿ ವಾಂತಿ ಮಾಡಿಕೊಂಡ. ಆಮೇಲೆ ಮೈದಾನಕ್ಕಿಳಿದು, ತನ್ನನ್ನು ಬೇಡವೆಂದ ಕೋಚ್‌ನ ಕಣ್ಣೆದುರೇ ಎಸೆದು ಎಸೆದು 26-10ರಲ್ಲಿ ಗೆಲ್ಲಿಸಿದ. ಆ ವರ್ಷ ಒಟ್ಟು ಐದು ಗೆಲುವು, ಆರು ಸೋಲು. ಅಂಕಿಯಲ್ಲಿ ನೋಡಿದರೆ ಏನೂ ಬದಲಾಗಿರಲಿಲ್ಲ. ಆದರೆ ಮನೆಮನೆಗೆ ಹೋಗಿ ಹೇಳಿಕೊಳ್ಳಲು ಒಂದು ಕತೆ ಸಿಕ್ಕಿತ್ತು, ರಿಕ್ರೂಟಿಂಗ್‌ನಲ್ಲಿ ಅದಕ್ಕಿಂತ ದೊಡ್ಡ ಬಂಡವಾಳವಿಲ್ಲ.

ಅದೇ ಚಳಿಗಾಲದಲ್ಲಿ ಊರು ಹೊತ್ತಿಕೊಳ್ಳುವ ಹಾದಿಯಲ್ಲಿತ್ತು. 1979ರ ಡಿಸೆಂಬರಿನಲ್ಲಿ ಆರ್ಥರ್ ಮೆಕ್‌ಡಫಿ ಎಂಬ ಕರಿಯ ವಿಮಾ ಏಜೆಂಟರು ಪೊಲೀಸರ ಹೊಡೆತಕ್ಕೆ ಸಿಕ್ಕಿ ಸತ್ತರು. 1980ರ ಮೇ ತಿಂಗಳಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ ಆರೋಪಿಗಳನ್ನು ಬಿಟ್ಟಿತು. ಲಿಬರ್ಟಿ ಸಿಟಿ ಉರಿಯಿತು, ಹದಿನೆಂಟು ಜನ ಸತ್ತರು. ಅದೇ ವರ್ಷ ಕ್ಯೂಬಾದ ಮರಿಯೆಲ್ ಬಂದರಿನಿಂದ ದೋಣಿಗಳಲ್ಲಿ ಸುಮಾರು 1,25,000 ಮಂದಿ ಫ್ಲಾರಿಡಾಕ್ಕೆ ಬಂದಿಳಿದರು. ಹೊರಗಿನ ಕಾಲೇಜುಗಳ ಎಷ್ಟೋ ಕೋಚ್‌ಗಳಿಗೆ ಆ ಕೇರಿಗಳೆಂದರೆ ಭಯ. ಶ್ನೆಲೆನ್‌ಬರ್ಗರ್ ಮತ್ತು ಅವರ ಸಹಾಯಕರು ಅದೇ ಕೇರಿಗಳ ಬಾಗಿಲು ತಟ್ಟುತ್ತಿದ್ದರು. ಇದರಲ್ಲಿ ಸ್ವಾರ್ಥವಿತ್ತು, ಅವರಿಗೆ ಬೇಕಾಗಿದ್ದದ್ದು ಆಟಗಾರರು. ಆದರೂ ಸೋಫಾದ ಮೇಲೆ ಕೂತು, ಕೊಟ್ಟದ್ದನ್ನು ತಿಂದು, ನಿಮ್ಮ ಮಗ ನಮಗೆ ಬೇಕು ಎಂದು ಗೌರವದಿಂದ ಕೇಳುವ ದೊಡ್ಡ ಸಂಸ್ಥೆಯ ಮನುಷ್ಯನನ್ನು ಆ ಮನೆಗಳು ಹಿಂದೆ ಹೆಚ್ಚಾಗಿ ಕಂಡಿರಲಿಲ್ಲ. ಉರಿದ ಊರಿನಲ್ಲಿ ಕರಿಯರೂ ಬಿಳಿಯರೂ ಕ್ಯೂಬನ್ನರೂ ಒಂದೇ ಕಡೆ ನಿಂತು ಕೂಗಿದ ಕೆಲವೇ ಜಾಗಗಳಲ್ಲಿ ಆರೆಂಜ್ ಬೌಲ್ ಒಂದಾಯಿತು.

ಫಲ ಬೇಗ ಕಾಣಿಸಿತು. 1980ರಲ್ಲಿ ಒಂಬತ್ತು ಗೆಲುವು, ಸೀಸನ್ ಮುಗಿದ ಮೇಲೆ ಆಡುವ ಬೌಲ್ ಪಂದ್ಯಗಳಲ್ಲೊಂದಾದ ಪೀಚ್ ಬೌಲ್‌ನಲ್ಲಿ ವಿಜಯ. 1981ರ ಅಕ್ಟೋಬರ್ 31ರಂದು, ದೇಶದಲ್ಲೇ ಒಂದನೇ ಸ್ಥಾನದಲ್ಲಿದ್ದ ಪೆನ್ ಸ್ಟೇಟ್ ಮಿಯಾಮಿಗೆ ಬಂದು 17-14ರಲ್ಲಿ ಸೋತುಹೋಯಿತು. 1982ರಲ್ಲಿ ಕೆಲ್ಲಿಯ ಭುಜಕ್ಕೆ ಪೆಟ್ಟಾಗಿ ತಂಡ ಕುಂಟಿತು. ಆದರೆ ಆ ಹೊತ್ತಿಗೆ ಇಬ್ಬರು ಹೊಸಬರು ಸಾಲಿನಲ್ಲಿದ್ದರು. ಒಹಾಯೊದ ಬೋರ್ಡ್‌ಮನ್ ಊರಿನ ಬರ್ನಿ ಕೋಸಾರ್, ಉದ್ದನೆಯ ಸಪೂರ ಹುಡುಗ, ಚೆಂಡನ್ನು ಪಕ್ಕದಿಂದ ವಿಚಿತ್ರವಾಗಿ ಎಸೆಯುತ್ತಿದ್ದವನು. ಇನ್ನೊಬ್ಬ ನ್ಯೂಯಾರ್ಕ್‌ನ ವಿನ್ನಿ ಟೆಸ್ಟವರ್ಡಿ. ಅವನ ತೋಳು ನೋಡಿದವರು ಬೆರಗಾಗುತ್ತಿದ್ದರು. 1983ರಲ್ಲಿ ಶ್ನೆಲೆನ್‌ಬರ್ಗರ್ ಆರಿಸಿದ್ದು ಕೋಸಾರ್‌ನನ್ನು. ಮೂರು ವರ್ಷಗಳ ಮೇಲೆ ಟೆಸ್ಟವರ್ಡಿ ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಹೈಸ್ಮನ್ ಪ್ರಶಸ್ತಿ ಪಡೆದ. ಅಂಥವನನ್ನು ಬೆಂಚಿನ ಮೇಲೆ ಕೂರಿಸುವಷ್ಟು ತಂಡ ತುಂಬಿತ್ತು, ಅದೂ ನಾಲ್ಕೇ ವರ್ಷಗಳಲ್ಲಿ.

1983ರ ಸೀಸನ್ ಶುರುವಾದದ್ದು ಫ್ಲಾರಿಡಾ ವಿಶ್ವವಿದ್ಯಾಲಯದ ಎದುರು 28-3ರ ಸೋಲಿನಿಂದ. ಆಮೇಲೆ ಮಿಯಾಮಿ ಸೋಲಲೇ ಇಲ್ಲ. ವರ್ಷದ ಕೊನೆಗೆ ಐದನೇ ಸ್ಥಾನದಲ್ಲಿದ್ದ ತಂಡಕ್ಕೆ ತನ್ನದೇ ಕ್ರೀಡಾಂಗಣದಲ್ಲಿ ನಡೆಯುವ, ಅದೇ ಹೆಸರಿನ ಆರೆಂಜ್ ಬೌಲ್ ಪಂದ್ಯದಲ್ಲಿ ಎದುರಾದದ್ದು ಒಂದನೇ ಸ್ಥಾನದ ನೆಬ್ರಾಸ್ಕಾ. ಆ ವರ್ಷದ ಹೈಸ್ಮನ್ ವಿಜೇತ ಮೈಕ್ ರೋಜಿಯರ್ ಅವರ ಕಡೆಗಿದ್ದ. ಕಾಲೇಜು ಫುಟ್‌ಬಾಲ್‌ನಲ್ಲಿ ಅದಕ್ಕಿಂತ ಬಲವಾದ ದಾಳಿಯೇ ಇಲ್ಲ ಎಂದು ಜನ ಮಾತಾಡುತ್ತಿದ್ದರು.

ಮೊದಲ ಕಾಲು ಭಾಗ ಮುಗಿದಾಗ ಮಿಯಾಮಿ 17, ನೆಬ್ರಾಸ್ಕಾ ಸೊನ್ನೆ. ಕೋಸಾರ್ ಎಸೆತಕ್ಕೆ ತಡೆಯೇ ಸಿಗಲಿಲ್ಲ, ಆ ರಾತ್ರಿ ಅವನು 300 ಗಜ ಎಸೆದ. ಓಟಗಾರರ ಹೆಸರನ್ನು ಇಲ್ಲಿ ಗಮನಿಸಬೇಕು. ಒಂದು ಟಚ್‌ಡೌನ್, ಎಂದರೆ ಚೆಂಡನ್ನು ಎದುರಾಳಿಯ ತುದಿ ಅಂಕಣಕ್ಕೆ ಒಯ್ದು ಅಂಕ ಗಳಿಸಿದ್ದು, ಅಲೊಂಜೊ ಹೈಸ್ಮಿತ್‌ನದು, ಮಿಯಾಮಿಯ ಕೊಲಂಬಸ್ ಹೈಸ್ಕೂಲಿನಿಂದ ಆ ವರ್ಷವಷ್ಟೇ ಬಂದ ಹುಡುಗ. ಇನ್ನೊಂದು ಆಲ್ಬರ್ಟ್ ಬೆಂಟ್ಲಿಯದು. ಟೊಮೆಟೊ ತೋಟಗಳ ನಡುವಿನ ಇಮೊಕಲೀ ಊರಿನವನು, ಸ್ಕಾಲರ್‌ಶಿಪ್ ಇಲ್ಲದೆ ತಾನಾಗಿ ಬಂದು ತಂಡ ಸೇರಿದ್ದವನು. ಇಬ್ಬರೂ ಗೆರೆಯ ಕೆಳಗಿನವರು.

ಕೊನೆಯ ಭಾಗದಲ್ಲಿ ನೆಬ್ರಾಸ್ಕಾ 17-31ರಿಂದ ಮೇಲೆದ್ದು ಬಂತು. 48 ಸೆಕೆಂಡು ಉಳಿದಾಗ ಇನ್ನೊಂದು ಟಚ್‌ಡೌನ್ ಆಗಿ ಮಿಯಾಮಿ 31, ನೆಬ್ರಾಸ್ಕಾ 30. ಅದರ ಬೆನ್ನಿಗೆ ಚೆಂಡನ್ನು ಒದ್ದು ಒಂದು ಅಂಕ ಪಡೆದರೆ ಪಂದ್ಯ ಸಮ, ಪಟ್ಟವೂ ಬಹುಶಃ ಅವರಿಗೇ. ಕೋಚ್ ಟಾಮ್ ಆಸ್ಬೋರ್ನ್ ಸಮಕ್ಕೆ ಒಪ್ಪದೆ ಗೆಲುವಿನ ಎರಡು ಅಂಕಕ್ಕೇ ಹೋದರು. ಆ ನಿರ್ಧಾರಕ್ಕೆ ನನ್ನ ಗೌರವ ಯಾವತ್ತೂ ಇದೆ. ನೆಬ್ರಾಸ್ಕಾದ ಕ್ವಾರ್ಟರ್‌ಬ್ಯಾಕ್ ಟರ್ನರ್ ಗಿಲ್ ಬಲಕ್ಕೆ ಓಡಿ ಜೆಫ್ ಸ್ಮಿತ್‌ನತ್ತ ಎಸೆದ. ಮಿಯಾಮಿಯ ಕೆನ್ನಿ ಕಲ್ಹೂನ್ ನಡುವೆ ಕೈ ಚಾಚಿದ, ಬೆರಳ ತುದಿ ಚೆಂಡಿಗೆ ತಾಕಿತು, ಚೆಂಡು ಸ್ಮಿತ್‌ನ ಹೆಗಲಿಗೆ ಬಡಿದು ನೆಲಕ್ಕೆ ಬಿತ್ತು. ಅರ್ಧ ಹೆಜ್ಜೆ ತಡವಾಗಿದ್ದರೆ ಆ ಬೆರಳು ಅಲ್ಲಿರುತ್ತಿರಲಿಲ್ಲ. ಮಿಯಾಮಿ ರಾಷ್ಟ್ರೀಯ ಚಾಂಪಿಯನ್ ಆಯಿತು.

ಅದೇ ವರ್ಷ ಶ್ನೆಲೆನ್‌ಬರ್ಗರ್ ಕೆಲಸ ಬಿಟ್ಟರು. ಹೊಸ ವೃತ್ತಿಪರ ಲೀಗಿನ ತಂಡವೊಂದು ಮಿಯಾಮಿಗೆ ಬರುವುದಿತ್ತು, ಅದಕ್ಕೆ ಹೋಗುವುದೆಂದು ಹೊರಟರು. ಆ ತಂಡ ಬರಲೇ ಇಲ್ಲ. ಆದರೆ ಅವರು ಹಾಕಿಕೊಟ್ಟ ಗೆರೆ ಉಳಿಯಿತು. ಫೋರ್ಟ್ ಲಾಡರ್‌ಡೇಲ್‌ನ ಮೈಕೆಲ್ ಅರ್ವಿನ್, ಮಿಯಾಮಿ ನಾರ್ತ್‌ವೆಸ್ಟರ್ನ್ ಹೈಸ್ಕೂಲಿನ ಮೆಲ್ವಿನ್ ಬ್ರ್ಯಾಟನ್‌ರಂಥವರ ಬಲದಿಂದ ಮುಂದಿನ ಕೋಚ್ ಜಿಮ್ಮಿ ಜಾನ್ಸನ್ 1987ರಲ್ಲಿ, ಅದೇ ನೆಲದ ಮುಂದಿನ ಫಸಲಿನಿಂದ ಅವರ ಬಳಿಕ ಬಂದ ಡೆನ್ನಿಸ್ ಎರಿಕ್ಸನ್ 1989 ಮತ್ತು 1991ರಲ್ಲಿ ಪಟ್ಟ ಗೆದ್ದರು. 1995ರಲ್ಲಿ ಹಣಕಾಸಿನ ಅಕ್ರಮಗಳಿಗಾಗಿ ಎನ್‌ಸಿಎಎ ದಂಡ ಹಾಕಿ ಹಲವು ಸ್ಕಾಲರ್‌ಶಿಪ್‌ಗಳನ್ನು ಕಿತ್ತುಕೊಂಡಾಗ ತಂಡ ಮತ್ತೆ ನೆಲಕಚ್ಚಿತು. 1997ರಲ್ಲಿ ಫ್ಲಾರಿಡಾ ಸ್ಟೇಟ್ ಎದುರು 47-0ರ ಸೋಲು. ಹೊಸ ಕೋಚ್ ಬುಚ್ ಡೇವಿಸ್ ಹಿಡಿದದ್ದು ಅದೇ ಹಳೆಯ ದಾರಿ. ಸ್ಕಾಲರ್‌ಶಿಪ್ ಸಾಲದಾದಾಗ ಕರೋಲ್ ಸಿಟಿಯ ಸಂಟಾನಾ ಮಾಸ್ ಬಂದದ್ದು ಓಟದ ತಂಡದ ಬಾಗಿಲಿನಿಂದ, ಆಮೇಲೆ ಫುಟ್‌ಬಾಲ್‌ನಲ್ಲಿ ಮಿಂಚಿದ. ಡೇವಿಸ್ ಕೂಡಿಸಿಟ್ಟ ತಂಡ 2001ರಲ್ಲಿ ಒಂದೂ ಪಂದ್ಯ ಸೋಲದೆ ಗೆದ್ದಿತು. ಆ ತಂಡದ 38 ಮಂದಿ ಮುಂದೆ ವೃತ್ತಿಪರ ಲೀಗಿಗೆ ಆಯ್ಕೆಯಾದರು.

ಹತ್ತಿರದಲ್ಲಿ ಹುಡುಗರೇ ಇಲ್ಲದ ಊರಿನವರು ಏನು ಮಾಡಬೇಕು? ಕಾನ್ಸಸ್ ಸ್ಟೇಟ್ 1987 ಮತ್ತು 1988ರಲ್ಲಿ ಒಂದೂ ಪಂದ್ಯ ಗೆದ್ದಿರಲಿಲ್ಲ. 1989ರಲ್ಲಿ ಬಂದ ಬಿಲ್ ಸ್ನೈಡರ್, ದೊಡ್ಡ ಕಾಲೇಜುಗಳು ಕಣ್ಣೆತ್ತಿ ನೋಡದ ಎರಡು ವರ್ಷದ ಜೂನಿಯರ್ ಕಾಲೇಜುಗಳನ್ನು ಜಾಲಾಡಿದರು. ಟೆಕ್ಸಸ್‌ನ ಅಂಥದೊಂದು ಕಾಲೇಜಿನಿಂದ ಬಂದ ಮೈಕೆಲ್ ಬಿಷಪ್ 1998ರಲ್ಲಿ ಅವರ ತಂಡವನ್ನು ಪಟ್ಟದ ಹೊಸ್ತಿಲ ತನಕ ಒಯ್ದ. ಸ್ನೈಡರ್‌ಗೆ ಅವರದೇ ಗೆರೆ ಸಿಕ್ಕಿತು, ಭೂಪಟದ ಮೇಲಲ್ಲ ಅಷ್ಟೇ.

ಶ್ನೆಲೆನ್‌ಬರ್ಗರ್ 1985ರಲ್ಲಿ ತಾವು ಬೆಳೆದ ಲೂಯಿವಿಲ್‌ಗೆ ಹೋಗಿ ಮತ್ತೊಂದು ಪಾಳುಬಿದ್ದ ತಂಡ ಹಿಡಿದರು. ಆರು ವರ್ಷದ ಮೇಲೆ ಆ ತಂಡ ಫಿಯೆಸ್ಟಾ ಬೌಲ್‌ನಲ್ಲಿ ಅಲಬಾಮಾವನ್ನು 34-7ರಲ್ಲಿ ಬಗ್ಗುಬಡಿಯಿತು. ಅರುವತ್ತು ದಾಟಿದ ಮೇಲೆ ಬೋಕಾ ರೇಟನ್‌ನ ಫ್ಲಾರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯದಲ್ಲಿ ತಂಡವೇ ಇಲ್ಲದ ಕಡೆ ತಂಡ ಹುಟ್ಟುಹಾಕಿದರು. 2001ರಲ್ಲಿ ಅದರ ಮೊದಲ ಪಂದ್ಯ ಸ್ಲಿಪರಿ ರಾಕ್ ಎಂಬ ಸಣ್ಣ ಕಾಲೇಜಿನ ಎದುರು ಸೋಲು, 2007ರಲ್ಲಿ ನ್ಯೂ ಆರ್ಲಿಯನ್ಸ್ ಬೌಲ್ ಗೆಲುವು. 2021ರ ಮಾರ್ಚ್‌ನಲ್ಲಿ, 87ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಆ ಹೊತ್ತಿಗೆ ಗೆರೆ ಎಲ್ಲರಿಗೂ ಗೊತ್ತಾಗಿತ್ತು, ಗೊತ್ತಾದ ಮೇಲೆ ಕಾಯುವುದು ಕಷ್ಟ. ದೇಶದ ಮೂಲೆಮೂಲೆಯ ಕೋಚ್‌ಗಳು ಈಗ ದಕ್ಷಿಣ ಫ್ಲಾರಿಡಾದ ಹೈಸ್ಕೂಲು ಮೈದಾನಗಳ ಅಂಚಿನಲ್ಲಿ ನಿಂತಿರುತ್ತಾರೆ. ಮಿಯಾಮಿ ನಾರ್ತ್‌ವೆಸ್ಟರ್ನ್‌ನ ಟೆಡ್ಡಿ ಬ್ರಿಡ್ಜ್‌ವಾಟರ್ ಮೊದಲು ಮಿಯಾಮಿಗೆ ಮಾತು ಕೊಟ್ಟಿದ್ದವನು, ಅಲ್ಲಿನ ಕೋಚ್ ಬದಲಾದಾಗ ಲೂಯಿವಿಲ್ ಸೇರಿದ. 2013ರ ಡಿಸೆಂಬರಿನಲ್ಲಿ ಅವನ ಲೂಯಿವಿಲ್ ಮಿಯಾಮಿಯನ್ನು 36-9ರಲ್ಲಿ ಸೋಲಿಸಿತು. ಬಾಯ್ನ್ಟನ್ ಬೀಚ್‌ನ ಲಮಾರ್ ಜಾಕ್ಸನ್ ಕೂಡ ಅದೇ ಲೂಯಿವಿಲ್‌ಗೆ ಹೋಗಿ 2016ರ ಹೈಸ್ಮನ್ ಗೆದ್ದ.

ಸಹಿ ಹಾಕಿದ ಹುಡುಗ ನಾಲ್ಕು ವರ್ಷ ಇರುತ್ತಾನೆ ಎಂಬ ನಂಬಿಕೆಯೂ ಈಗಿಲ್ಲ. 2018ರಲ್ಲಿ ಶುರುವಾದ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ಅವನು ಬೇರೆ ಕಾಲೇಜಿಗೆ ಹೋಗಬಹುದು, ಹಾಗಾಗಿ ಕೋಚ್ ತನ್ನದೇ ಆಟಗಾರನನ್ನು ಪ್ರತಿ ಚಳಿಗಾಲ ಹೊಸದಾಗಿ ಒಲಿಸಬೇಕು. ಇದರಿಂದ ಆಟ ಕೆಟ್ಟಿತೆಂದು ಗೊಣಗುವ ಹಿರಿಯ ಕೋಚ್‌ಗಳಿದ್ದಾರೆ. ನಾನು ಆ ಕಡೆಯವನಲ್ಲ. ಹೈಸ್ಮಿತ್, ಬೆಂಟ್ಲಿ, ಬ್ರ್ಯಾಟನ್ ಎಪ್ಪತ್ತು ಸಾವಿರ ಜನರನ್ನು ಕ್ರೀಡಾಂಗಣಕ್ಕೆ ಎಳೆದು ತಂದಾಗ ನಿಯಮದ ಪ್ರಕಾರ ಅವರಿಗೆ ಸಿಗಬಹುದಾಗಿದ್ದದ್ದು ಫೀಸು, ಪುಸ್ತಕ, ಊಟ, ವಸತಿ ಮಾತ್ರ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಗಳಿಸಬಹುದು, 2025ರ ಜುಲೈಯಿಂದ ಕಾಲೇಜುಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು. ಇವತ್ತು ಲಿಬರ್ಟಿ ಸಿಟಿಯ ಮನೆಯೊಂದಕ್ಕೆ ಕೋಚ್ ಬಂದು ಕೂತರೆ, ನಿಮ್ಮ ಮಗ ನಮಗೆ ಬೇಕು ಎಂದಾದ ಮೇಲೆ, ಎಷ್ಟು ಕೊಡುತ್ತೀರಿ ಎಂದು ತಾಯಿ ಕೇಳಬಹುದು. ಕೋಚ್ ಅದಕ್ಕೆ ಉತ್ತರ ಇಟ್ಟುಕೊಂಡೇ ಹೋಗಬೇಕು.